ಗೇಮ್ ಮುಂದೆ ಐದು ಗಂಟೆ ಕೂರುತ್ತೇನೆ, ಪುಸ್ತಕದ ಮುಂದೆ ಹತ್ತು ನಿಮಿಷ ಆಗಲ್ಲ: ಪ್ರಶ್ನೋತ್ತರ

ತುಮಕೂರಿನ ನಮ್ಮ ಗುಂಪಿನಲ್ಲಿ ಈ ವಾರ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಾರೆ. ಹೆಸರು ಹಾಕದೆ ಕೇಳಬಹುದು. ವಯಸ್ಸು, ಊರು ಇದ್ದರೆ ಸಾಕು.

ಪ್ರಶ್ನೆ (24 ವರ್ಷ, ಬಟವಾಡಿ): ನಮಸ್ತೆ ಮೇಡಂ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿದು ಎರಡು ವರ್ಷ ಆಯ್ತು. ಕ್ಯಾಂಪಸ್‌ನಲ್ಲಿ ಕೆಲಸ ಆಗಲಿಲ್ಲ. ವಸಂತನರಸಾಪುರದ ಕಡೆ ಟ್ರೈನಿಯಾಗಿ ಸೇರಿದ್ದೆ, ಸ್ವಲ್ಪ ದಿನಕ್ಕೇ ಬಿಟ್ಟೆ. ಈಗ ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ ಅಂತ ಮನೆಯಲ್ಲಿ ಹೇಳಿದ್ದೇನೆ. ನಿಜ ಹೇಳಬೇಕು ಅಂದ್ರೆ ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಬಿಜಿಎಂಐ ಅನ್ನುವ ಶೂಟಿಂಗ್ ಗೇಮ್ ಶುರು ಮಾಡಿದರೆ ಎರಡು ಮೂರು ಗಂಟೆಯವರೆಗೂ ಆಡುತ್ತೇನೆ. ಏಳುವುದು ಹನ್ನೊಂದಕ್ಕೆ. ಪುಸ್ತಕ ತೆಗೆದರೆ ಹತ್ತು ನಿಮಿಷ ಕೂರಲು ಆಗಲ್ಲ. ಅಪ್ಪ ಸೋಂಬೇರಿ ಅಂತ ಬೈಯುತ್ತಾರೆ. ಅಮ್ಮ ಏನೂ ಅನ್ನಲ್ಲ, ಅದೇ ಜಾಸ್ತಿ ನೋವು. ಮೋಟಿವೇಶನ್ ವಿಡಿಯೊ ನೋಡಿದರೆ ಅರ್ಧ ಗಂಟೆ ಹುರುಪು, ಆಮೇಲೆ ಮತ್ತೆ ಅದೇ. ನನಗೆ ಗೇಮ್ ಚಟ ಹತ್ತಿದೆಯಾ? ಇಲ್ಲ ನಾನು ನಿಜಕ್ಕೂ ಸೋಮಾರಿನಾ?

ಉತ್ತರ: ಇಷ್ಟು ಬಿಚ್ಚಿ ಬರೆದಿರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್.

ಚಟದ ವಿಷಯ ಮೊದಲು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನುವುದು ಸೇರಿದೆ. 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗಂಟೆಗಳ ಲೆಕ್ಕವೇ ಇಲ್ಲ. ನೋಡುವುದು ಬೇರೆ ಮೂರು ಸಂಗತಿ. ಶುರು ಮಾಡುವುದು, ನಿಲ್ಲಿಸುವುದು ಕೈಮೀರಿದೆಯಾ? ಬೇರೆ ಎಲ್ಲ ಕೆಲಸಕ್ಕಿಂತ ಗೇಮೇ ಮುಂದಾಗಿದೆಯಾ? ನಷ್ಟ ಆಗುತ್ತಿದ್ದರೂ ಮುಂದುವರಿಯುತ್ತಿದೆಯಾ? ಇವು ಮೂರೂ ಸೇರಿ ಬದುಕು ಕೆಡಬೇಕು, ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹಾಗೇ ಇರಬೇಕು. ನೀವು ಬರೆದಿರುವುದರಲ್ಲಿ ಇದರ ಕೆಲವು ಗುರುತು ಕಾಣುತ್ತವೆ. ಆದರೆ ಒಂದು ಮೆಸೇಜ್ ಓದಿ ಹೌದು, ಅಲ್ಲ ಅನ್ನುವುದು ಸರಿಯಲ್ಲ. ಎದುರಿಗೆ ಕೂತು ಮಾತಾಡಬೇಕು.

ಈಗ ನಿಮ್ಮ ರಾತ್ರಿಯನ್ನೂ ಹಗಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ರಾತ್ರಿ ಒಂದು ಮ್ಯಾಚ್‌ಗೆ ನೂರು ಜನ ಇಳಿಯುತ್ತೀರಿ. ಹೆಚ್ಚು ಅಂದರೆ ಅರ್ಧ ಗಂಟೆ. ಗೆದ್ದಿರೋ ಸೋತಿರೋ ಅಲ್ಲೇ ಗೊತ್ತಾಗುತ್ತದೆ. ರ‍್ಯಾಂಕ್ ಏರಿದ್ದು ಕಣ್ಣಿಗೆ ಕಾಣುತ್ತದೆ. ಎಲ್ಲಿ ಇಳಿಯಬೇಕು, ಯಾವ ಗನ್ ಹಿಡಿಯಬೇಕು ಎಲ್ಲ ನಿಮ್ಮದೇ ತೀರ್ಮಾನ. ಕಿವಿಯಲ್ಲಿ ಮೂರು ಜನ ಗೆಳೆಯರು ನಿಮ್ಮನ್ನು ಕರೆಯುತ್ತಿರುತ್ತಾರೆ. ಇನ್ನು ಹಗಲು. ಪರೀಕ್ಷೆಯ ನೋಟಿಫಿಕೇಶನ್ ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದರೂ ಪರೀಕ್ಷೆ, ಕೀ ಉತ್ತರ, ಆಕ್ಷೇಪಣೆ, ಪಟ್ಟಿ ಅಂತ ತಿಂಗಳುಗಟ್ಟಲೆ ಎಳೆಯುತ್ತದೆ. ಇವತ್ತು ಓದಿದ್ದು ತಲೆಗೆ ಹತ್ತಿತೋ ಇಲ್ಲವೋ ಹೇಳುವವರು ಯಾರೂ ಇಲ್ಲ. ರೂಮಿನಲ್ಲಿ ಒಬ್ಬರೇ.

ರಿಚರ್ಡ್ ರಯಾನ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಜನ ಗೇಮ್‌ಗೆ ಯಾಕೆ ಅಂಟಿಕೊಳ್ಳುತ್ತಾರೆ ಅಂತ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಅವರು ಎತ್ತಿ ಹೇಳಿದ್ದು ಮೂರು ಹಸಿವು. ನಾನೇ ತೀರ್ಮಾನ ಮಾಡಬೇಕು, ನನ್ನ ಕೈ ಪಳಗುತ್ತಿದೆ ಅನ್ನಿಸಬೇಕು, ನನ್ನವರ ಜೊತೆ ಇರಬೇಕು. ಎಲ್ಲ ಮನುಷ್ಯರಿಗೂ ಇರುವ ಹಸಿವೇ ಇದು. ನಿಮ್ಮ ಹಗಲಿನಲ್ಲಿ ಮೂರೂ ಸಿಗುತ್ತಿಲ್ಲ, ರಾತ್ರಿ ಮೂರೂ ಸಿಗುತ್ತವೆ. ಅದಕ್ಕೇ ನಾನು ನಿಮ್ಮನ್ನು ಸೋಮಾರಿ ಅನ್ನಲ್ಲ. ಬೆಳಗಿನ ಜಾವದವರೆಗೂ ಗಮನ ಇಟ್ಟು, ಸೋತರೂ ಮತ್ತೆ ಇಳಿಯುವವರಲ್ಲಿ ಶ್ರಮಪಡುವ ಗುಣ ಇಲ್ಲದೆ ಇರುತ್ತದಾ? ಬರೀ ಗೇಮ್ ತೆಗೆದುಹಾಕಿ ಹಗಲನ್ನು ಹಾಗೇ ಬಿಟ್ಟರೆ ನೀವು ಓದಲು ಕೂರಲ್ಲ. ಇನ್ನೊಂದು ಆ್ಯಪ್ ತೆರೆಯುತ್ತೀರಿ. ಬದಲಾಗಬೇಕಾದ್ದು ಹಗಲು.

ಡೋಪಮಿನ್ ಅನ್ನುವ ಮಿದುಳಿನ ರಾಸಾಯನಿಕದ ಬಗ್ಗೆಯೂ ಒಂದು ಮಾತು, ಯಾಕಂದ್ರೆ ನೀವು ನೋಡುವ ವಿಡಿಯೊಗಳಲ್ಲಿ ಅದೇ ಇರುತ್ತದೆ. ಗೇಮ್ ಆಡಿ ಡೋಪಮಿನ್ ಖಾಲಿ ಆಗಲ್ಲ. ಒಂದು ದಿನ ಫೋನ್ ಮುಟ್ಟದೆ ಕೂತರೆ ತುಂಬಿಕೊಳ್ಳುವುದೂ ಇಲ್ಲ. ವುಲ್ಫ್‌ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ 1990ರ ದಶಕದಲ್ಲಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಕಂಡದ್ದು ಇದು: ಹಣ್ಣಿನ ರಸ ನಿರೀಕ್ಷೆ ಇಲ್ಲದೆ ಸಿಕ್ಕಾಗ ಡೋಪಮಿನ್ ನರಕೋಶಗಳು ಜೋರಾಗಿ ಮಿಡಿಯುತ್ತವೆ. ಸಿಕ್ಕೇ ಸಿಗುತ್ತದೆ ಅಂತ ಗೊತ್ತಾದ ಮೇಲೆ ರಸ ಬಂದಾಗ ಆ ಮಿಡಿತ ಇರಲ್ಲ, ಅದರ ಸೂಚನೆಗೇ ಬರುತ್ತದೆ. ಗೇಮ್‌ನಲ್ಲಿ ಕ್ರೇಟ್, ಅಂದರೆ ಬಹುಮಾನದ ಪೆಟ್ಟಿಗೆ ಒಡೆಯುವಾಗ ಏನು ಸಿಗುತ್ತದೋ ಅನ್ನುವ ಕುತೂಹಲ ಎಳೆಯುವುದು ಇದೇ ಕಾರಣಕ್ಕೆ. ಗೇಮ್ ಮಾಡಿದವರಿಗೂ ಇದು ಚೆನ್ನಾಗಿ ಗೊತ್ತು.

ಸರಿ, ಏನು ಮಾಡಬೇಕು? ಮನಸ್ಸು ಬರಲಿ, ಆಮೇಲೆ ಓದುತ್ತೇನೆ ಅಂತ ನೀವು ಕಾಯುತ್ತಿದ್ದೀರಿ. ಖಿನ್ನತೆಯ ಚಿಕಿತ್ಸೆಯಲ್ಲಿ ನಾವು ಇದನ್ನು ಉಲ್ಟಾ ಮಾಡಿಸುತ್ತೇವೆ. ಮೊದಲು ಕೆಲಸ, ಚಿಕ್ಕದಾದರೂ ಸರಿ. ಮನಸ್ಸು ಹಿಂದಿನಿಂದ ಬರುತ್ತದೆ. ಇದಕ್ಕೆ ಬಿಹೇವಿಯರಲ್ ಆ್ಯಕ್ಟಿವೇಶನ್ ಅಂತ ಹೆಸರು, ಖಿನ್ನತೆಗೆ ಕೆಲಸ ಮಾಡುವ ಚಿಕಿತ್ಸೆಗಳಲ್ಲಿ ಇದೂ ಒಂದು.

ನಿದ್ದೆಯಿಂದ ಶುರು ಮಾಡಿ. ಬೇಗ ಮಲಗಲು ಒದ್ದಾಡಬೇಡಿ, ಆಗಲ್ಲ. ಏಳುವ ಹೊತ್ತು ಹಿಡಿಯಿರಿ. ಈಗಿನ ಹನ್ನೊಂದರಿಂದ ಕೆಲವು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ತನ್ನಿ. ಭಾನುವಾರವೂ ಅದೇ ಹೊತ್ತು. ಎದ್ದ ಕೂಡಲೇ ಹೊರಗೆ ಬಿಸಿಲಿಗೆ ಹೋಗಿ, ಅಮಾನಿಕೆರೆ ಕಡೆ ಒಂದು ಸುತ್ತು ನಡೆದರೂ ಸಾಕು. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಹಿಂದಕ್ಕೆ ಸರಿಸುತ್ತದೆ, ತಡರಾತ್ರಿಯ ಪರದೆ ಬೆಳಕು ಮುಂದಕ್ಕೆ ತಳ್ಳುತ್ತದೆ. ಮಲಗುವಾಗ ಫೋನ್ ಹಾಲ್‌ನಲ್ಲಿ ಚಾರ್ಜ್ ಆಗಲಿ. ಮೊದಮೊದಲು ಮಧ್ಯಾಹ್ನ ತೂಕಡಿಕೆ ಬರುತ್ತದೆ, ಹೆದರಬೇಡಿ.

ಓದಿಗೆ ದೊಡ್ಡ ಟೈಮ್‌ಟೇಬಲ್ ಬೇಡ. ಹಳೆಯ ಪ್ರಶ್ನೆಪತ್ರಿಕೆಯಿಂದ ಇಪ್ಪತ್ತು ಪ್ರಶ್ನೆ ಮಾಡಿ, ಅಲ್ಲೇ ಉತ್ತರ ನೋಡಿ, ಎಷ್ಟು ಸರಿ ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ತಪ್ಪಾದ ಪಾಠ ಮಾತ್ರ ಓದಿ. ಆಗ ನಿಮ್ಮ ಓದಿಗೂ ಅವತ್ತೇ ಉತ್ತರ ಸಿಗುತ್ತದೆ. "ನಾಳೆಯಿಂದ ಓದುತ್ತೇನೆ" ಅಂದುಕೊಂಡರೆ ಸಾಲದು. "ತಿಂಡಿ ತಿಂದು ತಟ್ಟೆ ತೊಳೆದಿಟ್ಟ ತಕ್ಷಣ ಹಾಲ್‌ನ ಟೇಬಲ್ ಮೇಲೆ ಪ್ರಶ್ನೆಪತ್ರಿಕೆ ಬಿಚ್ಚುತ್ತೇನೆ" ಅಂತ ಹೊತ್ತು, ಜಾಗ ಸೇರಿಸಿ ಗೊತ್ತುಮಾಡಿ. ಹೀಗೆ ಕಟ್ಟಿಕೊಂಡ ತೀರ್ಮಾನ ಬರೀ ಆಸೆಗಿಂತ ಚೆನ್ನಾಗಿ ನಡೆಯುತ್ತದೆ ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆಗಳು ತೋರಿಸಿವೆ. ಒಬ್ಬರೇ ಓದಬೇಡಿ. ಕೇಂದ್ರ ಗ್ರಂಥಾಲಯಕ್ಕೆ ಹೋಗಿ, ಇದೇ ಪರೀಕ್ಷೆಗಳಿಗೆ ಓದುವವರು ಸಿಗುತ್ತಾರೆ.

ಗೇಮ್ ಪೂರ್ತಿ ಬಿಡಿ ಅನ್ನಲ್ಲ. ಸಂಜೆಗೆ ತನ್ನಿ, ಇಂತಿಷ್ಟೇ ಮ್ಯಾಚ್ ಅಂತ ಜೊತೆ ಆಡುವ ಸ್ಕ್ವಾಡ್‌ಗೆ ಮೊದಲೇ ಹೇಳಿ. ಪ್ರಾಮಾಣಿಕವಾಗಿ ಪ್ರಯತ್ನಪಟ್ಟರೂ ಮತ್ತೆ ಮತ್ತೆ ಆ ಗಡಿ ದಾಟುತ್ತಿದ್ದರೆ, ಆಗ ಅದು ಚಿಕಿತ್ಸೆ ಬೇಕಾದ ವಿಷಯ ಅಂತ ತಿಳಿಯಿರಿ.

ಇನ್ನೊಂದು ಮಾತು ನನ್ನನ್ನು ಕಾಡಿತು. "ಓದುತ್ತಿದ್ದೇನೆ ಅಂತ ಮನೆಯಲ್ಲಿ ಹೇಳಿದ್ದೇನೆ" ಅಂದಿರಿ. ಆ ಸರ್ಕಾರಿ ಕೆಲಸ ನಿಮಗೆ ನಿಜವಾಗಿ ಬೇಕಾ? ಟ್ರೈನಿ ಕೆಲಸ ಯಾಕೆ ಬಿಟ್ಟಿರಿ ಅಂತಲೂ ಬರೆದಿಲ್ಲ. ದಿನವೂ ಒಂದು ಸುಳ್ಳನ್ನು ಹೊತ್ತು ತಿರುಗುವುದೇ ಅರ್ಧ ಶಕ್ತಿ ತಿನ್ನುತ್ತದೆ. ಅಮ್ಮನ ಹತ್ತಿರ ಹೇಳಿಬಿಡಿ.

ಕೊನೆಗೆ, ಗೇಮ್‌ನಲ್ಲೂ ಖುಷಿ ಸಿಗುತ್ತಿಲ್ಲ, ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿದೆ, ಊಟ ಸೇರಲ್ಲ, ನಾನು ಯಾರಿಗೂ ಬೇಡ ಅನ್ನಿಸುತ್ತದೆ ಅಂದ್ರೆ ಅದು ಖಿನ್ನತೆ ಇರಬಹುದು. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆಯಿಂದಲೂ ಹೀಗೆ ಸುಸ್ತಾಗುತ್ತದೆ, ಒಮ್ಮೆ ಪರೀಕ್ಷೆ ಮಾಡಿಸಿ. ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ.

ಪ್ರಶ್ನೆ (ತಂದೆ, ಗುಬ್ಬಿ): ಮೇಡಂ, ನನ್ನ ಮಗನಿಗೆ ಇಪ್ಪತ್ತು ವರ್ಷ, ಬಿಕಾಂ ಎರಡನೇ ವರ್ಷ. ಫೋನ್ ಕಿತ್ತುಕೊಂಡರೆ ಊಟ ಬಿಡ್ತಾನೆ. ಮೊನ್ನೆ ಗೋಡೆಗೆ ಕೈ ಗುದ್ದಿಕೊಂಡ. ವೈಫೈ ತೆಗೆಸಿಬಿಡಲಾ? ಇಲ್ಲ ಫೋನೇ ಒಡೆದು ಹಾಕಲಾ?

ಉತ್ತರ: ಒಡೆಯಬೇಡಿ ಅಣ್ಣ. ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಒಡೆದರೆ ಫೋನ್ ಜೊತೆ ಮಾತೂ ಹೋಗುತ್ತದೆ. ಇಪ್ಪತ್ತು ವರ್ಷದವನು ಇನ್ನೊಬ್ಬರ ಫೋನಿನಲ್ಲಿ ಆಡುತ್ತಾನೆ, ಅಷ್ಟೇ.

ಒಂದು ವಿಷಯ ಗೊತ್ತಿರಲಿ. ಈ ಆಟಗಳನ್ನು ಮಧ್ಯದಲ್ಲಿ ನಿಲ್ಲಿಸಿ ಆಮೇಲೆ ಮುಂದುವರಿಸಲು ಆಗಲ್ಲ. ಅರ್ಧದಲ್ಲಿ ಎದ್ದರೆ ಜೊತೆಯವರೂ ಸೋಲಬಹುದು. ಆ ಹೊತ್ತಿನಲ್ಲಿ ಕೈಯಿಂದ ಕಿತ್ತರೆ ಜಗಳ ಖಂಡಿತ. ಬದಲಿಗೆ ಹೊಸ ಮ್ಯಾಚ್ ಶುರುವಾಗುವ ಮುಂಚೆ "ಇದು ಮುಗಿದ ಮೇಲೆ ಊಟಕ್ಕೆ ಬಾಪ್ಪ" ಅನ್ನಿ. ನಿಯಮದ ಮಾತು ಹಗಲಲ್ಲಿ, ಇಬ್ಬರಿಗೂ ತಲೆ ತಣ್ಣಗಿರುವಾಗ ಆಗಲಿ. ಎಷ್ಟು ಹೊತ್ತು ಆಡಬೇಕು ಅಂತ ಅವನ ಬಾಯಿಂದಲೇ ಬರಲಿ, ನೀವು ಚೌಕಾಸಿ ಮಾಡಿ. ರಾತ್ರಿ ಹನ್ನೊಂದರ ಮೇಲೆ ವೈಫೈ ಆಫ್ ಅಂತಿದ್ದರೆ ಮನೆಯವರೆಲ್ಲರಿಗೂ ಆಫ್. ಕಡಿಮೆ ಮಾಡಿದ ಮೊದಲ ದಿನಗಳಲ್ಲಿ ಸಿಡಿಸಿಡಿ ಅನ್ನುತ್ತಾನೆ, ತಾಳ್ಮೆ ಇರಲಿ.

ಪಕ್ಕದ ಮನೆಯವನು ಎಚ್‌ಎಎಲ್‌ಗೆ ಸೇರಿದ ಅನ್ನುವ ಹೋಲಿಕೆ ದಯವಿಟ್ಟು ಬೇಡ. ತೆಂಗಿನ ತೋಟ ಇದ್ದರೆ, ಅಂಗಡಿ ಇದ್ದರೆ, ಅದರ ಲೆಕ್ಕ ಅವನಿಗೆ ಒಪ್ಪಿಸಿ. ಬಿಕಾಂ ಓದುವವನು. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ರೇಟ್ ನೋಡುವುದು, ಕೂಲಿ ಬಟವಾಡೆ ಬರೆಯುವುದು ಪೂರ್ತಿ ಅವನ ಕೆಲಸವಾಗಲಿ. ತಪ್ಪು ಮಾಡಲಿ, ಹಿಂದೆ ನಿಂತು ತಿದ್ದಬೇಡಿ. ಅವನ ಮಾತಿಗೆ ಮನೆಯಲ್ಲಿ ಬೆಲೆ ಇದೆ ಅಂತ ಅವನಿಗೆ ಗೊತ್ತಾಗಬೇಕು.

ಗೋಡೆಗೆ ಗುದ್ದಿಕೊಂಡದ್ದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮತ್ತೆ ಹಾಗಾದರೆ, ಸಾಯುತ್ತೇನೆ ಅನ್ನುವ ಮಾತು ಬಂದರೆ, ಕಾಯದೆ ಕರೆದುಕೊಂಡು ಬನ್ನಿ.

ಪ್ರಶ್ನೆ (22 ವರ್ಷ, ಕ್ಯಾತ್ಸಂದ್ರ): ಅಕ್ಕಾ, ನಾನು ಗೇಮ್ ಆಡಲ್ಲ. ದಿನಾ ಟ್ರೈನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರ್ತೀನಿ. ಭಾನುವಾರ ಪೂರ್ತಿ ಹಾಸಿಗೆಯಲ್ಲೇ ರೀಲ್ಸ್. ಏನೂ ಮಾಡಕ್ಕೆ ಮನಸ್ಸಿಲ್ಲ. ಇದೂ ಅದೇನಾ?

ಉತ್ತರ: ಅಲ್ಲಮ್ಮ, ನೀನು ದಣಿದಿದ್ದೀಯ. ಎಪ್ಪತ್ತು ಕಿಲೋಮೀಟರ್ ಹೋಗಿ, ಎಪ್ಪತ್ತು ಬಂದು, ಮನೆಗೆಲಸವನ್ನೂ ಮಾಡಿದರೆ ಯಾರಿಗಾದರೂ ಹೀಗೇ ಆಗುತ್ತದೆ. ದಿನಕ್ಕೆ ಏಳು ಗಂಟೆ ನಿದ್ದೆ ಆಗುತ್ತಿದೆಯಾ ಮೊದಲು ನೋಡು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು, ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ ಇದೆ. ಭಾನುವಾರ ಬೆಳಗ್ಗೆ ವಿಶ್ರಾಂತಿ ನಿನ್ನ ಹಕ್ಕು. ಸಂಜೆಗೆ ಮಾತ್ರ ಗೆಳತಿಯ ಜೊತೆ ಹೊರಗೆ ಹೋಗುವುದನ್ನು ಗೊತ್ತುಮಾಡಿಕೊ.

ಪ್ರಶ್ನೆ (26 ವರ್ಷ, ಸಿರಾ): ರಮ್ಮಿ ಆ್ಯಪ್‌ನಲ್ಲಿ ದುಡ್ಡು ಕಳೆದುಕೊಂಡಿದ್ದೇನೆ. ಲೋನ್ ಆ್ಯಪ್ ಸಾಲ ಇದೆ. ಮನೆಯಲ್ಲಿ ಗೊತ್ತಿಲ್ಲ.

ಉತ್ತರ: ಇದು ಬೇರೆಯದೇ ವಿಷಯ, ಇದು ಜೂಜು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ಚಾಣಾಕ್ಷತನದ ಆಟ ಅಂದರೂ ವಿನಾಯಿತಿ ಇಲ್ಲ. ಆ ಕಾಯ್ದೆ ಹಿಡಿಯುವುದು ಆಡಿಸುವವರನ್ನು, ಆಡಿದವರನ್ನಲ್ಲ. ಹಾಗಾಗಿ ಆ ಭಯದಲ್ಲಿ ಮುಚ್ಚಿಡಬೇಡಿ. ಹೋದ ದುಡ್ಡನ್ನು ವಾಪಸ್ ಗೆಲ್ಲಲು ಇನ್ನೊಂದು ರೂಪಾಯಿ ಹಾಕಬೇಡಿ. ಇವತ್ತೇ ಮನೆಯಲ್ಲಿ ಒಬ್ಬರಿಗೆ ಪೂರ್ತಿ ಮೊತ್ತ ಹೇಳಿ, ಅರ್ಧ ಹೇಳಿದರೆ ಉಳಿದರ್ಧ ಮತ್ತೆ ಬೆಳೆಯುತ್ತದೆ. ಲೋನ್ ಆ್ಯಪ್‌ನವರು ಬೆದರಿಸುತ್ತಿದ್ದರೆ ಸೈಬರ್ ಪೊಲೀಸರಿಗೆ ದೂರು ಕೊಡಿ, 1930 ಸಹಾಯವಾಣಿ ಇದೆ. ಜೂಜಿನ ಚಟಕ್ಕೂ ಚಿಕಿತ್ಸೆ ಇದೆ. ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ, ದಯವಿಟ್ಟು.

ಮತ್ತೆ ಬಟವಾಡಿಯಿಂದ: ಮೇಡಂ, ಅಮ್ಮನಿಗೆ ಹೇಗೆ ಹೇಳಲಿ? ಜಿಲ್ಲಾಸ್ಪತ್ರೆಗೆ ಹೋದರೆ ಸುಮ್ನೆ ಮಾತ್ರೆ ಕೊಟ್ಟು ಕಳಿಸ್ತಾರಾ? ಟ್ರೈನಿ ಕೆಲಸ ಬಿಟ್ಟಿದ್ದು ಸೂಪರ್‌ವೈಸರ್ ಎಲ್ಲರ ಎದುರಿಗೆ ಬೈದಿದ್ದಕ್ಕೆ. ಆಮೇಲೆ ಎಲ್ಲೂ ಅಪ್ಲೈ ಮಾಡಿಲ್ಲ.

ಉತ್ತರ: ಇದನ್ನು ಹೇಳಿದ್ದು ಒಳ್ಳೆಯದಾಯಿತು. ಹಾಗಾದರೆ ನೀವು ಕೆಲಸಕ್ಕೆ ಹೆದರಿಲ್ಲ, ಮತ್ತೆ ಹಾಗೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ ಅಂತ ಹೆದರಿದ್ದೀರಿ. ಪರೀಕ್ಷೆ ಓದುತ್ತೇನೆ ಅನ್ನುವುದು ಅದರಿಂದ ದೂರ ಇರುವ ದಾರಿಯಾಗಿದೆ ಅಂತ ನನಗನ್ನಿಸುತ್ತದೆ. ಹಾಗಿದ್ದರೆ ನನ್ನ ಸಲಹೆಯಲ್ಲಿ ಒಂದು ಬದಲಾವಣೆ: ಇಪ್ಪತ್ತು ಪ್ರಶ್ನೆಯ ಜೊತೆ ವಾರಕ್ಕೆ ಒಂದಾದರೂ ಕಂಪನಿಗೆ ಅರ್ಜಿ ಹಾಕಿ. ಕೆಲಸ ಸಿಗಬೇಕು ಅಂತಲ್ಲ, ಅರ್ಜಿ ಹಾಕುವ ಭಯ ಕರಗಲಿ ಅಂತ.

ಅಮ್ಮನಿಗೆ ಉದ್ದ ಪೀಠಿಕೆ ಬೇಡ. ಅಡುಗೆಮನೆಯಲ್ಲಿ ಅವರೊಬ್ಬರೇ ಇರುವಾಗ, "ಅಮ್ಮಾ, ನಾನು ಸರಿಯಾಗಿ ಓದುತ್ತಿಲ್ಲ. ಕೆಲಸದಲ್ಲಿ ಹೀಗಾಯ್ತು. ಡಾಕ್ಟರ ಹತ್ತಿರ ಹೋಗಬೇಕು, ಜೊತೆಗೆ ಬಾ" ಅನ್ನಿ. ಅಪ್ಪನಿಗೆ ಅವರ ಮೂಲಕ ಹೋಗಲಿ.

ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗಕ್ಕೆ ಚೀಟಿ ಮಾಡಿಸಿ. ಅವರು ಮೊದಲು ಕೇಳುವುದು ನಿದ್ದೆ, ಊಟ, ಮನಸ್ಸು, ಚಿಕ್ಕಂದಿನಲ್ಲಿ ಗಮನದ ತೊಂದರೆ ಇತ್ತಾ, ಇಂಥವನ್ನು. ಮಾತ್ರೆ ಎಲ್ಲರಿಗೂ ಬೇಕಾಗಲ್ಲ. ಖಿನ್ನತೆ, ಆತಂಕ ಜೋರಾಗಿದ್ದರೆ ಕೊಡುತ್ತಾರೆ. ಯಾಕೆ, ಎಷ್ಟು ದಿನ ಅಂತ ನೀವು ಧೈರ್ಯವಾಗಿ ಕೇಳಿ. ಗುಂಪಿನ ಬೇರೆಯವರಿಗೂ ಹೇಳುತ್ತೇನೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ದಿನ ಯಾವುದು ಅಂತ ಅಲ್ಲಿ ವಿಚಾರಿಸಿ. ಗೇಮ್ ಒಂದೇ ದೊಡ್ಡ ತೊಂದರೆ ಅಂತ ಗೊತ್ತಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ, 2014ರಿಂದ ಫೋನ್, ಗೇಮ್ ಸಮಸ್ಯೆಗಳನ್ನೇ ನೋಡುತ್ತಾರೆ.

ಹೋಗುವ ಮುಂಚೆ ಒಂದು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ಆಡಿದ ಹೊತ್ತು ಬರೆದಿಡಿ. ತಿದ್ದಬೇಡಿ, ಇದ್ದದ್ದು ಇದ್ದ ಹಾಗೆ. ಆ ಹಾಳೆಯನ್ನು ಡಾಕ್ಟರಿಗೆ ಕೊಡಿ. ನಾಳೆ ಬೆಳಗ್ಗೆ ಎಷ್ಟು ಗಂಟೆಗೆ ಎದ್ದಿರಿ ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತೇನೆ.