ಕಥೆಯೊಳಗೆ ಕಥೆಗಾರ: ಹೆಸರು ಬೇಕೋ, ಬೇಡವೋ?

ಬರೆದವನೇ ತನ್ನ ಕಥೆಯಲ್ಲಿ ನಿರೂಪಕನೂ ಪಾತ್ರವೂ ಆದಾಗ ಆ 'ನಾನು'ವಿಗೆ ಲೇಖಕನ ಹೆಸರೇ ಇರಬೇಕೇ? ನಾಲ್ವರ ಚರ್ಚೆ ಇದು; 'ಅಡಿಟಿಪ್ಪಣಿ', 'ಬರೆವಣಿಗೆ' ಮುಂತಾದವು ಅವರ ಅಡ್ಡಹೆಸರುಗಳು.

ಅಡಿಟಿಪ್ಪಣಿ: ಬರೆದವನೇ ನಿರೂಪಕನೂ ಪಾತ್ರವೂ ಆಗುವ ತಂತ್ರದ ಮಾತು ಬಂದರೆ ಎಲ್ಲರೂ ಮೊದಲು ವ್ಯಾಸರನ್ನೇ ತೋರಿಸುತ್ತಾರೆ. ಮಹಾಭಾರತದಲ್ಲಿ ಕಥೆ ಹೇಳುವವನು ವೈಶಂಪಾಯನ. ಜನಮೇಜಯನ ಸರ್ಪಯಾಗದಲ್ಲಿ ವ್ಯಾಸರು ಅಲ್ಲೇ ಕೂತಿರುತ್ತಾರೆ. ಅದನ್ನು ನೈಮಿಷಾರಣ್ಯದಲ್ಲಿ ಮತ್ತೆ ಹೇಳುವವನು ಸೂತ. ಧೃತರಾಷ್ಟ್ರ, ಪಾಂಡು, ವಿದುರರನ್ನು ಹುಟ್ಟಿಸಿದ ವ್ಯಾಸರು ಪಾತ್ರ ಹೌದು, ಆದರೆ ಕಥೆ ನಡೆಯುವುದು ಅವರ 'ನಾನು'ವಿನಿಂದಲ್ಲ.

ಮಲೆನಾಡಿಗ: ಹಾಗಾದರೆ ತೇಜಸ್ವಿಯವರ 'ಕರ್ವಾಲೊ' (1980) ತಗೊಳ್ಳಿ. ಮೂಡಿಗೆರೆ ಕಡೆ ಬೇಸಾಯ ಮಾಡುವ 'ನಾನು' ಅಲ್ಲಿದ್ದಾನೆ. ಅವನು ಲೇಖಕರೇ ಅಂತ ನಮಗೆ ಅನಿಸುವುದು ಹೆಸರಿನಿಂದಲ್ಲ, ಕಿವಿ ಎಂಬ ನಾಯಿಯಿಂದ. ಅದೇ ನಾಯಿ 'ಪರಿಸರದ ಕತೆ'ಯಲ್ಲೂ ಇದೆ. ನಿರೂಪಕ, ಪಾತ್ರ ಎರಡೂ ಆಯಿತು. ಹೆಸರು ಯಾಕೆ ಬೇಕು?

ಕಥನಾಸಕ್ತ: ಬೇಕು ಸಾರ್. ಅರ್ಜೆಂಟೀನಾದ ಲೇಖಕ ಬೋರ್ಹೆಸ್ 1945ರಲ್ಲಿ ಪ್ರಕಟಿಸಿದ 'ಅಲೆಫ್' ಕಥೆ ನೋಡಿ. ನಿರೂಪಕನ ಹೆಸರೂ ಬೋರ್ಹೆಸ್. ತೀರಿಹೋದ ಬಿಯಾಟ್ರಿಸಳ ಭಾವಚಿತ್ರದ ಮುಂದೆ ನಿಂತು ತನ್ನ ಹೆಸರು ಹೇಳಿಕೊಳ್ಳುತ್ತಾನೆ. ಅವಳ ಸೋದರಸಂಬಂಧಿ ಡಾನೇರಿಯ ನೆಲಮಾಳಿಗೆಯಲ್ಲಿ ಇಡೀ ಜಗತ್ತು ಕಾಣುವ ಬಿಂದುವೊಂದಿದೆ. ಅದರೊಳಗೆ ಅವಳು ಡಾನೇರಿಗೆ ಬರೆದ ಅಶ್ಲೀಲ ಪತ್ರಗಳೂ ಕಾಣುತ್ತವೆ. ಮೇಲೆ ಬಂದವನು ಬಿಂದುವಿನ ಮಾತೇ ಎತ್ತದೆ, ಹಳ್ಳಿಗೆ ಹೋಗಿ ವಿಶ್ರಾಂತಿ ತಗೋ ಅಂತ ಡಾನೇರಿಗೆ ಬುದ್ಧಿ ಹೇಳುತ್ತಾನೆ. ಅಪ್ಪಟ ಸೇಡು! ಕೊನೆಯ ಟಿಪ್ಪಣಿಯಲ್ಲಿ ಡಾನೇರಿಗೆ ರಾಷ್ಟ್ರೀಯ ಸಾಹಿತ್ಯ ಬಹುಮಾನಗಳಲ್ಲಿ ಎರಡನೆಯದು ಬರುತ್ತದೆ, ಕಥೆಯೊಳಗಿನ ಬೋರ್ಹೆಸ್‌ಗೆ ಒಂದು ಮತವೂ ಬೀಳುವುದಿಲ್ಲ. 1942ರಲ್ಲಿ ನಿಜವಾದ ಬೋರ್ಹೆಸ್‌ಗೂ ಆ ಬಹುಮಾನ ತಪ್ಪಿತ್ತು. ನಿರೂಪಕನಿಗೆ ಬೇರೆ ಹೆಸರಿಟ್ಟು ಈ ಟಿಪ್ಪಣಿ ಓದಿ, ಸಪ್ಪೆಯಾಗುತ್ತದೆ.

ಮಲೆನಾಡಿಗ: ಬಹುಮಾನದ ಸಂಗತಿ ಗೊತ್ತಿಲ್ಲದ ಓದುಗನಿಗೆ?

ಕಥನಾಸಕ್ತ: ಅವನಿಗೂ ಹೊಟ್ಟೆಕಿಚ್ಚು ಕಾಣುತ್ತದೆ. ಗೊತ್ತಿದ್ದವನಿಗೆ ಇನ್ನೊಂದು ಪದರ, ಅಷ್ಟೇ. ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವ ಹಾಗಿದ್ದರೆ ಆ ಹೆಸರು ತೆಗೆಯಲೇಬೇಕು.

ಅಡಿಟಿಪ್ಪಣಿ: ಹೆಸರಿದ್ದರೂ ನಿರೂಪಕ ಅಲ್ಲದಿರಬಹುದು. ಅಮೆರಿಕದ ಲೇಖಕ ಪಾಲ್ ಆಸ್ಟರ್ ಅವರ ಕಾದಂಬರಿ 'ಸಿಟಿ ಆಫ್ ಗ್ಲಾಸ್' (1985) ನೋಡಿ: ಪತ್ತೇದಾರ ಪಾಲ್ ಆಸ್ಟರ್‌ನನ್ನು ಕೇಳಿಕೊಂಡು ಕ್ವಿನ್ ಎಂಬ ಲೇಖಕನಿಗೆ ತಪ್ಪು ಕರೆ ಬರುತ್ತದೆ. ಮುಂದೆ ಆಸ್ಟರ್ ಎಂಬ ಲೇಖಕನೇ ಸಿಗುತ್ತಾನೆ. ಕೊನೆಗೆ ಹೆಸರಿಲ್ಲದ ನಿರೂಪಕನೊಬ್ಬ ಮುಂದೆ ಬಂದು, ಕ್ವಿನ್ ವಿಷಯದಲ್ಲಿ ಆಸ್ಟರ್ ನಡೆದುಕೊಂಡದ್ದು ಸರಿಯಲ್ಲ ಅಂತ ದೂರುತ್ತಾನೆ. 'ನಾನು' ಒಬ್ಬ, ಹೆಸರು ಇನ್ನೊಬ್ಬನದು.

ಬರೆವಣಿಗೆ: ಹೊಸಬರ ಕಥೆಗಳು ಕೆಡುವುದು ಹೆಸರಿನಿಂದಲ್ಲ, ತಿಳಿವಳಿಕೆಯ ಅಳತೆ ತಪ್ಪಿ. ಬರೆಯುವವನಿಗೆ ಅಂತ್ಯ ಗೊತ್ತಿರುತ್ತದೆ. ಆ ಗಳಿಗೆಯಲ್ಲಿ ಪಾತ್ರಕ್ಕೆ ಗೊತ್ತಿರಬಾರದು. ಎರಡೂ ಬೆರೆತರೆ 'ನಾನು' ಮೊದಲ ಪುಟದಿಂದಲೇ ಜಾಣನಾಗಿ, ಉಳಿದವರೆಲ್ಲ ಅವನ ಮಾತಿಗೆ ಹೂಂಗುಟ್ಟುತ್ತಾರೆ. 'ಕರ್ವಾಲೊ'ದ ನಿರೂಪಕನಿಗೆ ಮಂದಣ್ಣ ಬರೀ ಹಳ್ಳಿಗ. ವಿಜ್ಞಾನಿ ಕರ್ವಾಲೊ ಮಂದಣ್ಣನ ಜತೆ ಯಾಕೆ ತಿರುಗುತ್ತಾರೆ ಅನ್ನುವುದೇ ನಿರೂಪಕನಿಗೆ ಒಗಟು. ಮಂದಣ್ಣನೊಳಗಿನ ನಿಸರ್ಗತಜ್ಞನನ್ನು ಮೊದಲು ಕಂಡವರು ಕರ್ವಾಲೊ. ನಿರೂಪಕನ ಆ ಕುರುಡುತನವನ್ನು ಬರೆಯುವಾಗ ತೇಜಸ್ವಿ ತಿದ್ದಲಿಲ್ಲ. ಕರಡು ಮುಗಿದ ಮೇಲೆ, ಆಗ ಗೊತ್ತಿರದೆ ನಂತರ ತಿಳಿದದ್ದನ್ನು ಹೇಳುವ ಸಾಲುಗಳಿಗೆಲ್ಲ ಗೆರೆ ಎಳೆಯಿರಿ. ಬೇಕೆಂದೇ ಇಟ್ಟವು ಉಳಿಯಲಿ, ಜಾರಿ ಬಂದವು ಹೋಗಲಿ.

ಮಲೆನಾಡಿಗ: ಇದನ್ನು ಒಪ್ಪುತ್ತೇನೆ. 'ಅಲೆಫ್'ನಲ್ಲೂ ಕೆಲಸ ಮಾಡುತ್ತಿರುವುದು ನಿರೂಪಕನ ಸಣ್ಣತನವೇ. ಹೆಸರು ಅದಕ್ಕೆ ಖಾರ ಹಚ್ಚಿದೆ ಅನ್ನುವವರೆಗೆ ಸರಿ, ಅದಿಲ್ಲದೆ ತಂತ್ರವೇ ಇಲ್ಲ ಅನ್ನುವುದನ್ನು ಮಾತ್ರ ಒಪ್ಪಲಾರೆ.