ಛಜ್ಜಾ: ಸಜ್ಜಾನೋ, ಸೂರೋ, ಕಪೋತವೋ?

ಗೆಳೆಯರೇ,

ದೆಹಲಿಯ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಬಗ್ಗೆ ಒಂದು ಬರಹ ಕನ್ನಡಕ್ಕೆ ತರುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದದ ಹತ್ತಿರ ನಿಂತಿದ್ದೇನೆ. ಛಜ್ಜಾ.

ರೈಸೀನಾ ಗುಡ್ಡದ ಮೇಲಿನ ಈ ಸಚಿವಾಲಯ ಬ್ರಿಟಿಷ್ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್ ವಿನ್ಯಾಸ. ಹೊಸ ರಾಜಧಾನಿಯ ಉದ್ಘಾಟನೆ ಆದದ್ದು 1931ರಲ್ಲಿ. ಕಂಬಸಾಲು, ಗುಮ್ಮಟ ಎಲ್ಲ ಯುರೋಪಿನ ಕಡೆಯವು, ಆದರೆ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿರುವ ತೆಳು ಕಲ್ಲಿನ ಹಾಸು ಇಲ್ಲಿಯದೇ. ಅದೇ ಛಜ್ಜಾ. ಬೇಸಿಗೆಯಲ್ಲಿ ನೆತ್ತಿ ಮೇಲಿನ ಬಿಸಿಲಿಗೆ ಅಡ್ಡ ನಿಲ್ಲುತ್ತದೆ, ಚಳಿಗಾಲದ ಓರೆ ಬಿಸಿಲನ್ನು ಒಳಗೆ ಬಿಡುತ್ತದೆ, ಮಳೆನೀರು ಗೋಡೆ ಮೇಲೆ ಹರಿಯದೆ ದೂರ ಬೀಳುತ್ತದೆ.

ನಮ್ಮ ಮೇಸ್ತ್ರಿಗಳು ಕಿಟಕಿ ಮೇಲಿನ ಕಾಂಕ್ರೀಟ್ ಹಾಸನ್ನು ಸಜ್ಜಾ ಅನ್ನುತ್ತಾರೆ, ಅದು ಇದೇ ಛಜ್ಜಾ. ಹಾಗಾದರೆ ಮುಗೀತಲ್ವಾ? ಇಲ್ಲ. ಅಡುಗೆಮನೆಯಲ್ಲಿ ಹಳೇ ಪಾತ್ರೆ, ಕೆಟ್ಟ ಮಿಕ್ಸಿ ಪೇರಿಸುವ ಜಾಗವೂ ಸಜ್ಜಾನೇ. "ಸಚಿವಾಲಯದ ಸುತ್ತಲೂ ಸಜ್ಜಾ ಇದೆ" ಅಂತ ಅಮ್ಮನಿಗೆ ಓದಿ ಹೇಳಿದೆ. "ಅಷ್ಟೊಂದು ಸಾಮಾನು ಏನಿಡ್ತಾರೋ" ಅಂದರು.

ಸೂರು ಅಂದರೆ ಹೆಂಚಿನ ಮಾಡಿನ ಅಂಚು ಕಣ್ಣಿಗೆ ಬರುತ್ತದೆ, ಈಗಂತೂ "ಸೂರಿಲ್ಲದವರು" ಅಂದರೆ ಮನೆ ಇಲ್ಲದವರು. ಕಪೋತ ದೇವಸ್ಥಾನದ ಪದ, ಅಲ್ಲಿ ಗೋಡೆ, ಕಂಬಗಳ ಮೇಲಿಂದ ಹೊರಚಾಚುವ ಕಲ್ಲಿನ ಅಂಚಿಗೆ ಹೇಳುವುದು. ಹಂಪಿಯ ವಿಜಯವಿಠ್ಠಲ ಗುಡಿಯ ಮಂಟಪ ನೋಡಿ, ಕಪೋತ ಬಾಗಿ ಹೊರಕ್ಕೆ ಚಾಚಿದೆ, ತಲೆಯೆತ್ತಿ ಅಡಿಭಾಗ ನೋಡಿದರೆ ಮರದ ಜಂತೆಗಳಂತೆ ಕಲ್ಲನ್ನೇ ಕೆತ್ತಿದ್ದಾರೆ. ಬೇಕರದ್ದು ಸುಮ್ನೆ ಚಪ್ಪಟೆ ಹಾಸು. ಜೊತೆಗೆ ಕಪೋತ ಅಂದರೆ ಪಾರಿವಾಳವೂ ಹೌದು. (ಅಲ್ಲಿ ಕೂರುವುದೂ ಅವೇ, ಅದು ಬೇರೆ ಮಾತು.)

ಜಾಲಿಗೆ, ಅಂದರೆ ತೂತು ಕೊರೆದ ಕಲ್ಲಿನ ಪರದೆಗೆ, ಜಾಲಂಧ್ರ ಅಂತ ಹಾಕಿ ಬಚಾವಾದೆ, ಇಲ್ಲದಿದ್ದರೆ ಕಟ್ಟಡದ ತುಂಬಾ ಜಾಲಿಮರ. ಮೂಲೆಗಳಲ್ಲಿ ಕಂಬಗಳ ಮೇಲೆ ಪುಟ್ಟ ಗುಮ್ಮಟ ಹೊತ್ತು ನಿಂತ ಛತ್ರಿಯನ್ನು ಕಿರುಮಂಟಪ ಮಾಡಿದೆ. ಸರ್ಕಾರಿ ಕಚೇರಿ ಮೇಲೆ ಛತ್ರಿಗಳಿವೆ ಅಂತ ಬರೆದರೆ ಓದುವವರು ಅಧಿಕಾರಿಗಳನ್ನೇ ನೆನೆಸಿಕೊಳ್ಳುತ್ತಾರೆ.

ನನ್ನ ಒಲವು ಸದ್ಯಕ್ಕೆ "ಕಲ್ಲಿನ ಸಜ್ಜಾ" ಕಡೆಗೆ. ಕಟ್ಟುವವರ ಬಾಯಲ್ಲಿರುವ ಪದ ಅನ್ನುವುದೇ ಕಾರಣ. ಧಾರವಾಡ, ಬೆಳಗಾವಿ ಕಡೆಯ ಗೌಂಡಿಗಳು ಇದಕ್ಕೆ ಏನಂತಾರೆ? ಅಟ್ಟದ ಸಜ್ಜಾಕ್ಕೂ ಕಿಟಕಿಯ ಸಜ್ಜಾಕ್ಕೂ ಬೇರೆಬೇರೆ ಪದ ಬಳಸುವ ಊರು ಯಾವುದಾದರೂ ಇದೆಯಾ?