ಐವತ್ತೈದು ದಾಟಿದ ಮೇಲೆ ಮುಖದ ಆರೈಕೆ ಮತ್ತು ಅಲಂಕಾರ: ನಮ್ಮ ಭಾಗದ ಬಿಸಿಲಿಗೆ ಏನು ಹೊಂದುತ್ತದೆ?

ಪ್ರಶ್ನೆ, ಕಲಬುರಗಿಯಿಂದ

ನನಗೀಗ 58 ವರ್ಷ. ಮುಟ್ಟು ನಿಂತ ಮೇಲೆ ಮುಖದ ಚರ್ಮ ಬಹಳ ಒಣಗಿದೆ, ಎರಡೂ ಕೆನ್ನೆಗಳ ಮೇಲೆ ಬಂಗು ಎದ್ದಿದೆ, ಪೌಡರ್ ಹಚ್ಚಿದರೆ ಕಣ್ಣಿನ ಕೆಳಗೆ ಗೆರೆಗೆರೆಯಾಗಿ ನಿಲ್ಲುತ್ತದೆ. ಬರುವ ಬೇಸಿಗೆಯಲ್ಲಿ ಮಗಳ ಮದುವೆ. ಪಾರ್ಲರಿನವರು ಬ್ಲೀಚ್ ಮಾಡಿಸಿಕೊಳ್ಳಿ ಎನ್ನುತ್ತಾರೆ, ಪರಿಚಯದವರು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಒಂದು ಟ್ಯೂಬಿನ ಹೆಸರು ಹೇಳುತ್ತಾರೆ, ಮನೆಯಲ್ಲಿ ಕೆಲವರು ಈ ವಯಸ್ಸಿಗೆ ಇದೆಲ್ಲ ಏತಕ್ಕೆ ಎಂದು ಕೇಳುತ್ತಾರೆ. ಈ ಹಂತವನ್ನು ದಾಟಿದ ಅಕ್ಕಂದಿರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಕಲಬುರಗಿ, ನಿವೃತ್ತ ಶಿಕ್ಷಕಿ

ತಂಗೀ, ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಒಣಚರ್ಮದ ತುರಿಕೆಯಿಂದ ರಾತ್ರಿಯೆಲ್ಲ ನಿದ್ದೆಗೆಟ್ಟು, ಮೊಣಕಾಲ ಕೆಳಗೆ ಕೆರೆದು ಗಾಯ ಮಾಡಿಕೊಂಡ ಹಿರಿಯ ಹೆಣ್ಣುಮಕ್ಕಳನ್ನು ನಾನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಅವರಲ್ಲಿ ಸಕ್ಕರೆ ಕಾಯಿಲೆ ಇದ್ದವರಿಗೆ ಆ ಗಾಯ ಮಾಯಲು ಎಷ್ಟು ಕಷ್ಟವಾಯಿತೆಂಬುದೂ ಗೊತ್ತಿದೆ. ಆದ್ದರಿಂದ ಈ ವಯಸ್ಸಿನಲ್ಲಿ ಚರ್ಮದ ಆರೈಕೆ ಏತಕ್ಕೆ ಎಂದು ಕೇಳುವವರಿಗೆ ನೀವು ಸಂಕೋಚವಿಲ್ಲದೆ ಉತ್ತರ ಕೊಡಬಹುದು.

ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕಡಿಮೆಯಾಗುತ್ತದೆ, ಅದರೊಂದಿಗೆ ಚರ್ಮದ ಎಣ್ಣೆ ಗ್ರಂಥಿಗಳ ಕೆಲಸವೂ ಕುಗ್ಗುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಮೊದಲ ಐದು ವರ್ಷಗಳಲ್ಲೇ ಸುಮಾರು ಶೇ 30ರಷ್ಟು ಇಳಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಇದರ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ಝಳ ಮತ್ತು ಒಣಗಾಳಿ ಸೇರಿದಾಗ ಚರ್ಮದಲ್ಲಿ ಉಳಿದ ತೇವವೂ ಆರಿಹೋಗುತ್ತದೆ. ನಿಮ್ಮ ಪೌಡರ್ ಗೆರೆಗಟ್ಟುವುದಕ್ಕೆ ಪೌಡರಿನ ದೋಷಕ್ಕಿಂತ ಕೆಳಗಿನ ಚರ್ಮ ಒಣಗಿರುವುದೇ ಮುಖ್ಯ ಕಾರಣ. ಹಾಗಾಗಿ ಬಣ್ಣದ ಸಾಮಾನು ಕೊಳ್ಳುವ ಮೊದಲು ತೇವ ಉಳಿಸುವ ದಾರಿ ನೋಡಬೇಕು.

ಅದು ಬಚ್ಚಲಿನಿಂದಲೇ ಆರಂಭವಾಗಬೇಕು. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲೀಯವಾಗಿರುತ್ತದೆ, ಅದರ ಪಿಎಚ್ (ಆಮ್ಲ, ಕ್ಷಾರಗಳ ಅಳತೆ; 7ಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ) ಸುಮಾರು 5. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10ರವರೆಗೆ ಇರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಆ ಸಾಬೂನು ಸರಿಯಾಗಿ ತೊಳೆದುಹೋಗದೆ ತೆಳ್ಳಗೆ ಮೈಗೆ ಅಂಟಿಕೊಳ್ಳುತ್ತದೆ, ಸ್ನಾನ ಮುಗಿಸಿ ಮೊಣಕೈ ಮೇಲೆ ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡುವುದನ್ನು ನೀವೇ ನೋಡಬಹುದು. ಕಂಕುಳು, ತೊಡೆಸಂದು ಮತ್ತು ಪಾದಗಳಿಗೆ ಮಾತ್ರ ಸಾಬೂನು ಹಚ್ಚಿ, ಮುಖಕ್ಕೆ ಸಾಬೂನಿನ ಅಂಶವಿಲ್ಲದ ಮೃದುವಾದ ಕ್ಲೆನ್ಸರ್ ಬಳಸಿದರೆ ಸಾಕು. ಕಡ್ಲಿ ಹಿಟ್ಟಿನಿಂದ ದಿನವೂ ಮುಖ ಉಜ್ಜುವ ರೂಢಿ ನಮ್ಮಲ್ಲಿ ಬಹಳ ಹಳೆಯದು, ಆದರೆ ತೆಳುವಾಗುತ್ತಿರುವ ಚರ್ಮಕ್ಕೆ ಅದರ ತರಿ ಒಳ್ಳೆಯದಲ್ಲ. ನಿಂಬೆರಸವನ್ನಂತೂ ಮುಖಕ್ಕೆ ತಾಗಿಸಲೇಬೇಡಿ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುವ ಸಾಧ್ಯತೆಯಿದೆ.

ಮೈಯನ್ನು ಉಜ್ಜದೆ ಒತ್ತಿ ಒರೆಸಿಕೊಂಡು, ಇನ್ನೂ ಹಸಿಯಾಗಿರುವಾಗಲೇ, ಅಂದರೆ ಎರಡು ಮೂರು ನಿಮಿಷಗಳೊಳಗೆ ಮಾಯಿಶ್ಚರೈಸರ್ ಹಚ್ಚಬೇಕು. ಡಬ್ಬಿಯ ಹಿಂಬದಿಯಲ್ಲಿ ಗ್ಲಿಸರಿನ್, ಸೆರಮೈಡ್, ಪೆಟ್ರೋಲೇಟಮ್ ಎಂಬ ಹೆಸರುಗಳನ್ನು ನೋಡಿಕೊಳ್ಳಿ, ಸುವಾಸನೆ ಇಲ್ಲದ್ದನ್ನು ಆರಿಸಿ. ಬೆಲೆಗೂ ಗುಣಕ್ಕೂ ಇಲ್ಲಿ ಅಂಥ ಸಂಬಂಧವೇನೂ ಇಲ್ಲ, ಬಿರಿದ ಹಿಮ್ಮಡಿಗೂ ತುಟಿಗೂ ಸಾದಾ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವಂಥದ್ದನ್ನು ನಾನು ಕಂಡಿಲ್ಲ. ನಮ್ಮ ತಾಯಿ ಕೈಕಾಲುಗಳಿಗೆ ಗಾಣದ ಕುಸುಬಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಕುಸುಬಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಿನೋಲಿಕ್ ಆಮ್ಲವೇ ಇರುತ್ತದೆ, ಚರ್ಮವು ತನ್ನ ರಕ್ಷಣೆಯ ಪದರ ಕಟ್ಟಿಕೊಳ್ಳಲು ಬಳಸುವ ಕೊಬ್ಬೂ ಅದೇ. ಆದರೆ ಎಣ್ಣೆ ಇರುವ ತೇವವನ್ನು ತಡೆದಿಡುತ್ತದೆಯೇ ಹೊರತು ಹೊಸದಾಗಿ ತೇವ ಕೊಡುವುದಿಲ್ಲ, ಆದ್ದರಿಂದ ಅದನ್ನೂ ಹಸಿ ಮೈಗೇ ಹಚ್ಚಬೇಕು.

ಬಂಗಿನ ವಿಷಯದಲ್ಲಿ ಸನ್‌ಸ್ಕ್ರೀನ್ ಇಲ್ಲದೆ ಬೇರೆ ಯಾವ ಔಷಧವೂ ನಿಲ್ಲುವುದಿಲ್ಲ. ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂಬುದರ ಅಳತೆ) 30 ಇರುವಂಥದ್ದು ಸುಡುವ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ, ಆದರೆ ಅಷ್ಟು ರಕ್ಷಣೆ ಸಿಗಬೇಕಾದರೆ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಸಾಲು ಹಿಂಡಿಕೊಂಡು ಅಷ್ಟನ್ನೂ ಮುಖ ಮತ್ತು ಕತ್ತಿಗೆ ಹಚ್ಚಬೇಕು. ನಮ್ಮಲ್ಲಿ ಹೆಚ್ಚಿನವರು ಕಡಲೆಕಾಳಿನಷ್ಟು ಹಚ್ಚಿ ಗುಣವಿಲ್ಲ ಎಂದು ಬಿಟ್ಟುಬಿಡುತ್ತಾರೆ. ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇರುವವರಿಗೆ ಚರ್ಮದ ಬಣ್ಣದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು, ಏಕೆಂದರೆ ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಆ ಬೆಳಕಿನಿಂದಲೂ ಬಂಗು ಗಾಢವಾಗುತ್ತದೆ. ಬೀದರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಗಾಜು ಮುಚ್ಚಿ ಕುಳಿತರೂ ಕಪ್ಪಾಗಿಸುವ ಯುವಿಎ ಕಿರಣ ಒಳಗೆ ಬರುತ್ತದೆ, ಅಲ್ಲಿ ತಲೆಯ ಮೇಲಿನ ಸೆರಗು ಕೆನ್ನೆಯ ಬದಿಗೂ ಇಳಿದಿದ್ದರೆ ಒಳಿತು.

ಯಾದಗಿರಿ, ಔಷಧ ಅಂಗಡಿ ನಡೆಸುವವರು

ಅಕ್ಕಾವರೆ, ನೀವು ಹೇಳಿದ ಆ ಟ್ಯೂಬಿನ ಬಗ್ಗೆ ಬರೆಯದೆ ಇರಲು ನನಗೆ ಆಗುವುದಿಲ್ಲ. ಮುಖ ಬೆಳ್ಳಗಾಗುವ ಕ್ರೀಮ್ ಕೊಡಿ ಎಂದು ಹಳೆಯ ಖಾಲಿ ಟ್ಯೂಬನ್ನು ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸುವ ಹೆಣ್ಣುಮಕ್ಕಳು ನನ್ನ ಅಂಗಡಿಗೆ ಬರುತ್ತಲೇ ಇರುತ್ತಾರೆ. ಆ ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಅಥವಾ ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್, ಅಂದರೆ ಚರ್ಮದ ಉರಿಯೂತ ತಗ್ಗಿಸುವ ಔಷಧ. ಎಷ್ಟೋ ಸಲ ಅದರೊಂದಿಗೆ ಹೈಡ್ರೋಕ್ವಿನೋನ್ ಮತ್ತು ಟ್ರೆಟಿನಾಯಿನ್ ಸೇರಿರುತ್ತವೆ. ಈ ಮೂರೂ ಕೂಡಿದ ಔಷಧವನ್ನು ಚರ್ಮವೈದ್ಯರು ಬಂಗಿಗೆ ಕೆಲವು ವಾರಗಳ ಮಟ್ಟಿಗೆ, ತಮ್ಮ ನಿಗಾದಲ್ಲಿ ಕೊಡುವುದುಂಟು. ಅದೇ ಔಷಧವನ್ನು ಸ್ನೋ ಹಚ್ಚಿದಂತೆ ವರ್ಷಗಟ್ಟಲೆ ಹಚ್ಚಿಕೊಂಡಾಗ ಅನಾಹುತವಾಗುತ್ತದೆ.

ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮೊದಲ ಕೆಲವು ವಾರ ಮುಖ ತಿಳಿಯಾಗಿ ಹೊಳೆಯುತ್ತದೆ, ಜನರೂ ಹೊಗಳುತ್ತಾರೆ. ಆಮೇಲೆ ಚರ್ಮ ತೆಳುವಾಗಿ ಕೆನ್ನೆಯ ಮೇಲೆ ಕೆಂಪು ನರಗಳು ಎದ್ದು ಕಾಣುತ್ತವೆ, ಗುಳ್ಳೆಗಳು ಬರುತ್ತವೆ, ಗದ್ದದ ಮೇಲೆ ಕೂದಲು ಮೂಡುತ್ತದೆ. ಹಚ್ಚುವುದನ್ನು ನಿಲ್ಲಿಸಿದರೆ ಮುಖ ಉರಿಯುತ್ತದೆ, ಆ ಉರಿ ತಾಳದೆ ಮತ್ತೆ ಹಚ್ಚುತ್ತಾರೆ. ವಯಸ್ಸಿನಿಂದ ಮೊದಲೇ ತೆಳುವಾಗಿರುವ ಚರ್ಮಕ್ಕೆ ಇದರ ಹಾನಿ ಇನ್ನೂ ಹೆಚ್ಚು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಮಾಡಿದೆ. ಹೀಗಿದ್ದೂ ಚೀಟಿ ಕೇಳದೆ ಕೊಡುವ ಅಂಗಡಿಗಳಿವೆ ಎಂಬುದು ನಮ್ಮ ವೃತ್ತಿಯವರೆಲ್ಲ ತಲೆ ತಗ್ಗಿಸಬೇಕಾದ ಸಂಗತಿ. ಟ್ಯೂಬಿನ ಮೇಲೆ ಕೆಂಪು ಗೆರೆ ಇದ್ದರೆ ಅದನ್ನು ಅಲಂಕಾರದ ಸಾಮಾನೆಂದು ತಿಳಿಯಬೇಡಿ. ಈಗಾಗಲೇ ಬಹುಕಾಲದಿಂದ ಹಚ್ಚುತ್ತಿರುವವರು ಒಮ್ಮೆಲೇ ನಿಲ್ಲಿಸಿ ಮನೆಯಲ್ಲಿ ನರಳದೆ ವೈದ್ಯರಿಗೆ ತೋರಿಸಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ನಮ್ಮ ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ, ಚರ್ಮದ ತೊಂದರೆಗೆ ದೂರದ ಹೈದರಾಬಾದಿಗೇ ಹೋಗಬೇಕೆಂದಿಲ್ಲ.

ಏನೇನು ಬೆರೆಸಿದ್ದಾರೆಂದು ಬರೆಯದ, ತಯಾರಕರ ವಿಳಾಸವೇ ಇಲ್ಲದ ಬಿಳುಪಿನ ಕ್ರೀಮುಗಳನ್ನಂತೂ ಮನೆಯೊಳಗೆ ತರಬೇಡಿ. ಅಂಥವುಗಳಲ್ಲಿ ಪಾದರಸ ಇರುವ ಸಂಭವವಿದೆ, ಅದು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ.

ಬೀದರ್, ಗೃಹಿಣಿ

ನಾನು ಟಿಕಳಿಯ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದನ್ನು ಯಾರೂ ಅಲಂಕಾರದ ಸಾಮಾನೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ವೈನಿಯವರ ಹಣೆಯ ನಡುವೆ ಟಿಕಳಿಯಷ್ಟೇ ದುಂಡಗೆ, ಅಷ್ಟೇ ಅಗಲಕ್ಕೆ ಚರ್ಮ ಬೆಳ್ಳಗಾಯಿತು. ಅದನ್ನು ಮರೆಮಾಡಲು ಅವರು ಇನ್ನೂ ದೊಡ್ಡ ಟಿಕಳಿ ಅಂಟಿಸುತ್ತ ಹೋದರು, ಬಿಳುಪೂ ಹರಡುತ್ತ ಹೋಯಿತು. ಕೆಲವು ಟಿಕಳಿಗಳ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಕೊಲ್ಲುತ್ತದೆ ಎಂದು ವೈದ್ಯರು ವಿವರಿಸಿ, ಅಂಟಿನ ಟಿಕಳಿಯನ್ನು ಪೂರ್ತಿ ಬಿಡಿಸಿದರು. ಹಣೆಯಲ್ಲಿ ತುರಿಕೆ ಅಥವಾ ಬಣ್ಣದ ಬದಲಾವಣೆ ಕಂಡ ದಿನವೇ ಬಿಟ್ಟರೆ ಚರ್ಮ ಸುಧಾರಿಸುವ ಸಾಧ್ಯತೆ ಹೆಚ್ಚು. ರಾತ್ರಿ ಮಲಗುವಾಗ ಟಿಕಳಿಯನ್ನು ಕನ್ನಡಿಗೆ ಅಂಟಿಸಿ ಹಣೆಗೆ ಬಿಡುವು ಕೊಡುವುದು ಎಲ್ಲರಿಗೂ ಒಳ್ಳೆಯದು.

ಅಂಟು ಬಿಟ್ಟು ಕುಂಕುಮಕ್ಕೆ ಹೋಗುವವರು ಅದನ್ನೂ ನೋಡಿ ಕೊಳ್ಳಬೇಕು. ಅರಿಶಿಣ ಮತ್ತು ಸುಣ್ಣದಿಂದ ಮಾಡಿದ ಕುಂಕುಮ ಬೇರೆ, ಕಡುಗೆಂಪು ರಾಸಾಯನಿಕ ಬಣ್ಣ ಬೆರೆಸಿದ್ದು ಬೇರೆ, ಎರಡನೆಯದರಿಂದ ಹಣೆ ಕಪ್ಪಗಾಗುವುದುಂಟು. ಕಣ್ಣಿಗೆ ಹಚ್ಚುವ ಕೆಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ ಎಂಬುದನ್ನೂ ನೆನಪಿಡಿ.

ಕಲಬುರಗಿ, ಬ್ಯೂಟಿ ಪಾರ್ಲರ್ ನಡೆಸುವವರು

ನನ್ನ ವೃತ್ತಿಯವರೇ ನಿಮಗೆ ಬ್ಲೀಚ್ ಹೇಳಿದ್ದಾರೆ, ಆದರೂ ನಾನು ಬೇಡವೆಂದೇ ಹೇಳುತ್ತೇನೆ. ಬ್ಲೀಚಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ ಇರುತ್ತವೆ, ಒಣಗಿದ ಚರ್ಮ ಅದರಿಂದ ಉರಿದರೆ ಬಂಗು ಇರುವವರಿಗೆ ಆ ಜಾಗ ಇನ್ನಷ್ಟು ಕಪ್ಪಗಾಗುವ ಭಯವಿದೆ. ಮದುವೆಗೆ ಇನ್ನು ಕೆಲವೇ ದಿನವಿರುವಾಗ ಯಾವ ಹೊಸ ವಸ್ತುವನ್ನೂ ಮುಖಕ್ಕೆ ತಾಗಿಸಬೇಡಿ. ಏನೇ ಕೊಂಡರೂ ತಿಂಗಳು ಮೊದಲೇ ಕೊಂಡು, ಕೆಲವು ದಿನ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ, ಅನಂತರ ಮುಖಕ್ಕೆ ಬನ್ನಿ.

ಮದುವೆ ಹೆಣ್ಣಿನ ತಾಯಂದಿರಿಗೆ ಮೇಕಪ್ ಮಾಡುವಾಗ ನಾನು ಹೆಚ್ಚು ಹೊತ್ತು ಕೊಡುವುದು ಬಣ್ಣ ಹಚ್ಚುವ ಮೊದಲಿನ ಕೆಲಸಕ್ಕೆ. ಮಾಯಿಶ್ಚರೈಸರ್ ಹಚ್ಚಿ, ಸೀರೆ ಉಟ್ಟು ಮುಗಿಯುವವರೆಗೆ ಅದು ಚರ್ಮಕ್ಕೆ ಇಳಿಯಲು ಬಿಡುತ್ತೇನೆ. ಬಂಗಿನ ಮೇಲೆ ಮಾತ್ರ ಕಿತ್ತಳೆ ಛಾಯೆಯ ಕರೆಕ್ಟರನ್ನು ಉಂಗುರಬೆರಳಿನಿಂದ ತಟ್ಟಿ ಕೂರಿಸುತ್ತೇನೆ, ಕಂದು ಮೈಬಣ್ಣದ ಮೇಲಿನ ಬೂದುಗಪ್ಪನ್ನು ಆ ಕಿತ್ತಳೆಯೇ ಅಡಗಿಸುತ್ತದೆ. ಅದರ ಮೇಲೆ ತೆಳುವಾದ ದ್ರವ ಫೌಂಡೇಶನ್ನನ್ನು ಒದ್ದೆ ಸ್ಪಂಜಿನಿಂದ ಒತ್ತುತ್ತೇನೆ, ಎಳೆದು ಸವರುವುದಿಲ್ಲ. ಪೌಡರ್ ಮೂಗಿನ ಬದಿಗೆ ಮತ್ತು ಹಣೆಯ ನಡುವೆ ಮಾತ್ರ, ಕಣ್ಣಿನ ಕೆಳಗೆ ಹಾಕುವುದೇ ಇಲ್ಲ.

ಫೌಂಡೇಶನ್ ಕೊಳ್ಳುವಾಗ ಅಂಗಡಿಯವರು ಮುಂಗೈ ಮೇಲೆ ಹಚ್ಚಿ ತೋರಿಸುತ್ತಾರೆ, ಆದರೆ ಕೈಯ ಬಣ್ಣವೇ ಬೇರೆ, ಮುಖದ ಬಣ್ಣವೇ ಬೇರೆ. ದವಡೆಯ ಅಂಚಿಗೆ ಹಚ್ಚಿಕೊಂಡು, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಹೊರಗಿನ ಬೆಳಕಿನಲ್ಲಿ ನಿಂತು ನೋಡಿದಾಗ ಎಲ್ಲಿ ಹಚ್ಚಿದ್ದೇವೆಂದೇ ಕಾಣದಂತಿದ್ದರೆ ಅದು ನಿಮ್ಮ ಛಾಯೆ. ಒಂದು ಛಾಯೆ ಬೆಳ್ಳಗಿರಲಿ ಎಂಬ ಆಸೆಗೆ ಬಿದ್ದರೆ ಫೋಟೋದ ಫ್ಲ್ಯಾಶಿನಲ್ಲಿ ಮುಖ ಬೂದಿ ಬಳಿದಂತೆ, ಕತ್ತು ಬೇರೆಯವರದೆಂಬಂತೆ ಕಾಣುತ್ತದೆ. ತಾಯಂದಿರ ಅಲ್ಬಮ್ ನೋಡುವಾಗ ನನಗೆ ಅತಿ ಹೆಚ್ಚು ನೋವಾಗುವುದು ಇದನ್ನು ಕಂಡೇ.

ರೆಪ್ಪೆ ಸ್ವಲ್ಪ ಇಳಿಬಿದ್ದವರಿಗೆ ಕೆಳರೆಪ್ಪೆಯ ದಪ್ಪ ಕಾಡಿಗೆ ಕಣ್ಣನ್ನು ದಣಿದಂತೆ ತೋರಿಸುತ್ತದೆ, ಮೇಲ್ರೆಪ್ಪೆಯ ಕೂದಲಿನ ಬುಡಕ್ಕೆ ತೆಳುವಾದ ಗೆರೆ ಎಳೆದರೆ ಕಣ್ಣು ಅರಳುತ್ತದೆ. ಮಿನುಗುವ ಬಣ್ಣ ಮಡಿಕೆಗಳನ್ನೇ ಎತ್ತಿ ತೋರಿಸುವುದರಿಂದ ರೆಪ್ಪೆಗೆ ಮಂಕಾದ ಕಂದು ಸಾಕು. ಹುಬ್ಬಿಗೂ ಕಪ್ಪು ಬೇಡ, ಗಾಢ ಕಂದು ಪೆನ್ಸಿಲಿನಿಂದ ಕೂದಲು ಉದುರಿದ ಕಡೆ ಮಾತ್ರ ತುಂಬಿ. ತುಟಿಗೆ ಒಣಗಿ ಅಂಟಿಕೊಳ್ಳುವ ದ್ರವ ಲಿಪ್‌ಸ್ಟಿಕ್ ಬಿಟ್ಟು ಕೆನೆಯಂಥದ್ದನ್ನು ಆರಿಸಿ, ಇಟ್ಟಿಗೆ ಕೆಂಪು ಅಥವಾ ಮರೂನ್ ನಮ್ಮ ಇಳಕಲ್ ಸೀರೆಯ ಕೆಂಪು ಸೆರಗಿಗೆ ಚೆನ್ನಾಗಿ ಒಪ್ಪುತ್ತದೆ. ಕಲ್ಯಾಣ ಮಂಟಪದಲ್ಲಿ ಬೆವರಿದಾಗ ಪೌಡರಿನ ಮೇಲೆ ಪೌಡರ್ ಹಾಕದೆ ಟಿಶ್ಯೂ ಒತ್ತಿ ತೆಗೆಯಿರಿ. ಕಣ್ಣಿನ ಪೊರೆಯ ಆಪರೇಶನ್ ಆದವರು ವೈದ್ಯರು ಹೇಳುವವರೆಗೆ ಕಣ್ಣಿಗೆ ಏನನ್ನೂ ಹಚ್ಚಬಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಟ್ಯೂಬನ್ನೂ ಬ್ಲೀಚನ್ನೂ ಕೈಬಿಟ್ಟಿದ್ದೇನೆ. ಇನ್ನೆರಡು ಸಂದೇಹಗಳಿವೆ: ಮದುವೆಗೆ ಮುಂಚೆ ಕೂದಲಿಗೆ ಬಣ್ಣ ಹಾಕಿಸಬಹುದೇ, ರೆಟಿನಾಲ್ ಎಂಬ ಕ್ರೀಮನ್ನು ಈಗಲೇ ಆರಂಭಿಸಬಹುದೇ?

ಕಲಬುರಗಿ, ನಿವೃತ್ತ ಶಿಕ್ಷಕಿ

ಕೂದಲಿನ ಬಣ್ಣದಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ. ಹತ್ತಾರು ವರ್ಷ ಒಗ್ಗಿದ ಬಣ್ಣವೇ ಒಂದು ದಿನ ಒಗ್ಗದೆ ಮುಖ ಊದಿಸುವುದುಂಟು, ಆದ್ದರಿಂದ ಪ್ರತಿ ಸಲವೂ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ತಾಸು ಕಾಯಬೇಕು. ಹಣೆಯ ಅಂಚು ಮತ್ತು ಕಪೋಲಗಳ ಪಕ್ಕ ಕಂದುಗಪ್ಪು ಛಾಯೆ ಹರಡುತ್ತಿದ್ದರೆ ಅದು ಬಂಗಲ್ಲದೆ ಈ ಬಣ್ಣದ ಅಲರ್ಜಿಯೂ ಆಗಿರಬಹುದು, ವೈದ್ಯರಿಗೆ ತೋರಿಸುವಾಗ ಯಾವ ಬಣ್ಣ ಬಳಸುತ್ತೀರೆಂದು ತಪ್ಪದೆ ತಿಳಿಸಿ. ಕಪ್ಪು ಮೆಹೆಂದಿ ಎಂದು ಮಾರುವುದರಲ್ಲೂ ಹೆಚ್ಚಾಗಿ ಪಿಪಿಡಿಯೇ ಇರುತ್ತದೆ, ಶುದ್ಧ ಮೆಹೆಂದಿ ಕೂದಲನ್ನು ಕೆಂಪಾಗಿಸುತ್ತದೆಯೇ ಹೊರತು ಕಪ್ಪಾಗಿಸುವುದಿಲ್ಲ.

ರೆಟಿನಾಲ್ ಗೆರೆಗಳಿಗೆ ನಿಜವಾಗಿಯೂ ಉಪಯೋಗವಾಗುತ್ತದೆ, ಆದರೆ ಆರಂಭದ ವಾರಗಳಲ್ಲಿ ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತದೆ ಮತ್ತು ಫಲ ಕಾಣಲು ತಿಂಗಳುಗಳೇ ಬೇಕು. ಮದುವೆ ಮುಗಿದು ಮಳೆಗಾಲ ಬಂದ ಮೇಲೆ, ಕಡಿಮೆ ಪ್ರಮಾಣದ್ದನ್ನು ವಾರಕ್ಕೆ ಎರಡು ರಾತ್ರಿಯಂತೆ, ಮಾಯಿಶ್ಚರೈಸರ್ ಜೊತೆಗೆ ಆರಂಭಿಸಿ. ಅಲ್ಲಿಯವರೆಗೆ ಸನ್‌ಸ್ಕ್ರೀನ್ ಹಚ್ಚುವ ರೂಢಿಯೂ ನಿಮಗೆ ಆಗಿರುತ್ತದೆ. ವೈದ್ಯರ ಬಳಿ ಹೋದಾಗ ಕತ್ತಿನ ಹಿಂಭಾಗವನ್ನೂ ಒಮ್ಮೆ ತೋರಿಸಿ, ಅಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗಿದ್ದರೆ ಕ್ರೀಮ್ ಕೇಳುವ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬೇಕು.